ಕೆಳಗಿನ ಹಾಳೆ ನಿಮ್ಮ ಕೈಯಲ್ಲಿರಲಿ



ಮದುವೆಯಲ್ಲಿ ಕೊಟ್ಟ ಒಡವೆಗೆ ಊರೆಲ್ಲ ಸಾಕ್ಷಿ. ಜಗಳ ಎದ್ದ ದಿನ ಯಾರಿಗೂ ನೆನಪಿರುವುದಿಲ್ಲ. ಕಾಲೇಜಿನಿಂದ ನಿವೃತ್ತಳಾದ ಮೇಲೆ ಸಂಘದ ಹೆಣ್ಣುಮಕ್ಕಳ ಜೊತೆ ಕೂತು ಅರ್ಜಿ ಬರೆಸುತ್ತಾ ನಾನು ಕಂಡದ್ದು ಇದು: ನಕಲು ಇಟ್ಟುಕೊಂಡವಳ ಮಾತಿಗಿರುವ ತೂಕ ಬರಿಗೈಯವಳ ಮಾತಿಗೆ ಸಿಗುವುದಿಲ್ಲ.

ವರದಕ್ಷಿಣೆ ಕೊಡುವುದೂ ಅಪರಾಧ, ಕೇಳುವುದೂ ಅಪರಾಧ. ಆದರೆ ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೆ 1985ರ ನಿಯಮಗಳ ಪ್ರಕಾರ ಲಿಖಿತ ಪಟ್ಟಿ ಇರಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ನಂಟರಾದರೆ ಏನಾಗಬೇಕು, ಇಷ್ಟನ್ನೂ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ಸಹಿ ಬಾರದ ವಧುವಿಗೆ ಪಟ್ಟಿಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬಹುದು. ಓದಿ ಹೇಳಿದವರ ಸಹಿಯೂ ಅದರಲ್ಲಿರಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಇರಬೇಕಾದದ್ದು ವಧುವಿನ ಬಳಿ.

ಇದಕ್ಕೆ ಟೈಪ್ ಮಾಡಿಸಬೇಕಿಲ್ಲ. ಒಂದು ಬಾಲ್‌ಪೆನ್, ಒಂದು ಕಾರ್ಬನ್ ಹಾಳೆ ಸಾಕು. ಕಾರ್ಬನ್ನಿನ ಮಸಿಯ ಮುಖ ಕೆಳಗಿರಲಿ. ಅಂಚು ಸರಿಹೊಂದಿಸಿ ಗುಂಡುಪಿನ್ನು ಚುಚ್ಚಿ, ಅಡಿಯಲ್ಲಿ ಗಟ್ಟಿ ರಟ್ಟು ಇಟ್ಟು ಒತ್ತಿ ಬರೆಯಿರಿ. ನಾಲ್ಕು ಸಾಲಾದ ಮೇಲೆ ಕೆಳಗಿನ ಹಾಳೆ ಎತ್ತಿ ನೋಡಿ. ತಪ್ಪಾದರೆ ಉಜ್ಜಬೇಡಿ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ. ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಿರಿ, ಆಮೇಲೆ ಯಾರೂ ಏನನ್ನೂ ಸೇರಿಸದಂತೆ. ಕೊನೆಗೆ ಕಾರ್ಬನ್ ತೆಗೆದು ಎರಡೂ ಹಾಳೆಗೆ ಬೇರೆಬೇರೆಯಾಗಿ ಸಹಿ ಮಾಡಿ.

ಠಾಣೆಗೆ ದೂರು ಒಯ್ಯುವಾಗಲೂ ಹೀಗೆಯೇ ಎರಡು ಪ್ರತಿ ಇರಲಿ. ಮೇಲಿನದನ್ನು ಕೊಟ್ಟು, ಕೆಳಗಿನದರ ಮೇಲೆ ಮೊಹರು, ದಿನಾಂಕ, ಸಹಿ ಕೇಳಿ ಪಡೆಯಿರಿ. ಬರೆಯಲು ಬಾರದವಳು ಬಾಯಲ್ಲೇ ದೂರು ಹೇಳಬಹುದು; ಪೊಲೀಸರು ಅದನ್ನು ಬರೆದುಕೊಂಡು ಓದಿ ಹೇಳಬೇಕು. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹಳೆಯ ಕಾನೂನಿನಲ್ಲೂ ಹಾಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಾಗೆಯೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನ್ಯಾಯಾಲಯ ಕೊಡುವ ಆದೇಶದ ಪ್ರತಿಗೂ ಹಣ ಕೊಡಬೇಕಿಲ್ಲ.

ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಹೊಡೆಯುವ ಗಂಡ ಮೊದಲು ಕಿತ್ತುಕೊಳ್ಳುವುದು ಮೊಬೈಲನ್ನೇ. ಆದ್ದರಿಂದ ಕಾಗದದ ಪ್ರತಿ ಅತ್ತೆಮನೆಯ ಬೀರುವಿನಲ್ಲಿ ಬೇಡ. ತವರಿನಲ್ಲೋ, ನಂಬಿಕೆಯ ಗೆಳತಿಯ ಬಳಿಯೋ, ಸಂಘದ ಪೆಟ್ಟಿಗೆಯಲ್ಲೋ ಇರಲಿ.

ಸಾಲದ ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುವ ಸಂಘಗಳು ನಮ್ಮವು. ಮುಂದಿನ ಸಭೆಗೆ ಒಂದು ಕಾರ್ಬನ್ ಹಾಳೆ ತನ್ನಿ. ಬರೆಯಬಲ್ಲವರು ಬರೆಯದವರ ಪಕ್ಕದಲ್ಲಿ ಕೂತು ಕಲಿಸೋಣ.