ಬಾಯಿ ಕಟ್ಟು ಎನ್ನುವವರಿಗೆ

ಕಳೆದ ವೈಶಾಖದಲ್ಲಿ ಗಡಹಿಂಗ್ಲಜದಲ್ಲಿ ನಮ್ಮ ಬಳಗದ ಒಂದು ಮದುವೆ. ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ನಾನು ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ಎದುರು ಸಾಲಿನಿಂದ ನಾದಿನಿಯ ದನಿ ಬಂತು: "ವೈನಿ, ಮತ್ತ ತುಂಬ್ಕೊಂಡೀರಲ್ಲ! ಹೋದ ಸಲ ಎಷ್ಟ ಚಂದ ಇಳದಿದ್ರಿ. ಸ್ವಲ್ಪ ಬಾಯಿ ಕಟ್ಟಬೇಕ್ರಿ." ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಕೈ ಹಿಂದೆ ತೆಗೆದುಕೊಂಡೆ.

ಮೂವತ್ತು ವರ್ಷಗಳಿಂದ ಹೀಗೆ ನಕ್ಕುಕೊಂಡೇ ಬಂದಿದ್ದೇನೆ. ನಕ್ಕದ್ದು ಸಾಕೆನಿಸಿ ಈಗ ಬರೆಯಲು ಕೂತಿದ್ದೇನೆ. ನಾದಿನಿ ಕೆಟ್ಟವಳಲ್ಲ. ಆಕೆಯ ಬಾಯಿಂದ ಬಂದದ್ದು ಆಕೆಯೊಬ್ಬಳ ಮಾತೂ ಅಲ್ಲ. ನೆಂಟರು, ವೈದ್ಯರು, ಜಾಹೀರಾತಿನವರು ಎಲ್ಲರೂ ಸೇರಿ ದಪ್ಪಗಿರುವವರ ಮೇಲೆ ಹೊರಿಸಿದ ಆಪಾದನೆ ಅದು: ನೀನು ಬಾಯಿ ಕಟ್ಟಲಾರದವಳು, ಮನಸ್ಸು ಗಟ್ಟಿಯಿಲ್ಲದವಳು. ಈ ಆಪಾದನೆ ಸುಳ್ಳು ಎಂಬುದೇ ನನ್ನ ವಾದ.

ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. 1989ರಲ್ಲಿ ಗಡಹಿಂಗ್ಲಜದಿಂದ ಇಚಲಕರಂಜಿಯ ಮಗ್ಗದ ಮನೆಗೆ ಸೊಸೆಯಾಗಿ ಬಂದಾಗ ನನ್ನ ತೂಕ 52 ಕಿಲೋ. ಎರಡು ಬಾಣಂತನ, ಎರಡು ಸಲವೂ ಡಬ್ಬಿಗಟ್ಟಲೆ ಅಂಟಿನುಂಡೆ. 1997ಕ್ಕೆ 71. ಆ ವರ್ಷ ಕೊಲ್ಲಾಪುರದ ಒಂದು ಸ್ಲಿಮ್ಮಿಂಗ್ ಸೆಂಟರಿಗೆ ದುಡ್ಡು ಕಟ್ಟಿ, ವಾರಕ್ಕೆರಡು ದಿನ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬಂದು 62ಕ್ಕೆ ಇಳಿದೆ. ಎರಡೇ ವರ್ಷದಲ್ಲಿ 74 ಆಯಿತು. 2009ರಲ್ಲಿ ಮಗನ ಕಾಲೇಜಿಗಾಗಿ ಕೊಲ್ಲಾಪುರದಲ್ಲಿ ಮನೆ ಮಾಡಿದ್ದಾಗ ದಿನಾ ನಸುಕಿನಲ್ಲಿ ರಂಕಾಳ ಕೆರೆಯ ದಂಡೆಯ ಮೇಲೆ ನಡೆದು, ರಾತ್ರಿ ಸೌತೆಕಾಯಿಯಲ್ಲೇ ಊಟ ಮುಗಿಸಿ 66ಕ್ಕೆ ತಂದೆ. ಅದು ಮೆಲ್ಲಗೆ 80ಕ್ಕೆ ಏರಿತು. 2018ರಲ್ಲಿ 67. ಕೊರೊನಾ ಕಾಲ ಕಳೆಯುವಾಗ 82. 2023ರಲ್ಲಿ ಮತ್ತೆ 73. ಇಂದು ಬೆಳಗ್ಗೆ 79.

ಇಳಿಸಿದ್ದನ್ನಷ್ಟೇ ಕೂಡಿಸಿ ನೋಡಿ: 9, 8, 13, 9. ಒಟ್ಟು 39 ಕಿಲೋ. ನಾಲ್ಕು ಸಲ, ಪ್ರತಿಸಲವೂ ತಿಂಗಳುಗಟ್ಟಲೆ, ಮನೆಮಂದಿಗೆಲ್ಲ ಬಡಿಸಿ ತಾನು ತಿನ್ನದೆ ಎದ್ದ ಹೆಂಗಸನ್ನು ಮನಸ್ಸು ಗಟ್ಟಿಯಿಲ್ಲದವಳು ಎನ್ನುವುದು ಯಾವ ನ್ಯಾಯ? ನಾನು ತೂಕ ಇಳಿಸಲಾರದವಳಲ್ಲ, ಇಳಿಸಿದವಳು. ಇಳಿದದ್ದು ಯಾಕೆ ನಿಲ್ಲಲಿಲ್ಲ ಎಂದು ನನ್ನನ್ನು ಅಣಕಿಸಿದವರಲ್ಲಿ ಒಬ್ಬರೂ ಕೇಳಲಿಲ್ಲ.

2018ರ ಸುತ್ತಿನ ಮಹಾರಾಷ್ಟ್ರವನ್ನು ಇಲ್ಲಿಯ ಕನ್ನಡಿಗರು ಮರೆತಿರಲಾರರು. ದಿನಕ್ಕೆ ಎರಡೇ ಊಟ, ಒಂದೊಂದೂ 55 ನಿಮಿಷದೊಳಗೆ ಮುಗಿಯಬೇಕು ಎಂದು ಡಾ. ಜಗನ್ನಾಥ ದೀಕ್ಷಿತರು ಊರೂರಿಗೆ ಹೇಳುತ್ತಿದ್ದರು. ಸ್ವಲ್ಪ ಸ್ವಲ್ಪ, ಆದರೆ ಎರಡು ಗಂಟೆಗೊಮ್ಮೆ ತಿನ್ನಿರಿ ಎಂದು ಋಜುತಾ ದಿವೇಕರರ ಮಾತು. ಒಂದೇ ಮನೆಯಲ್ಲಿ ಅತ್ತೆ ಎರಡು ಊಟದ ಪಕ್ಷ, ಸೊಸೆ ಎರಡು ಗಂಟೆಯ ಪಕ್ಷ. ನಾನು ಅತ್ತೆಯ ಪಕ್ಷ ಸೇರಿ ಇಳಿದೆ. ನನ್ನ ಓರಗಿತ್ತಿ ಸೊಸೆಯ ಪಕ್ಷ ಸೇರಿ ಇಳಿದಳು. ಮೂರು ವರ್ಷ ಕಳೆಯುವಷ್ಟರಲ್ಲಿ ಇಬ್ಬರ ತೂಕವೂ ಹೋದ ದಾರಿಯಲ್ಲೇ ಮರಳಿತ್ತು. ಆ ಇಬ್ಬರ ಮೇಲೂ ನನಗೆ ದೂರಿಲ್ಲ. ಯಾವ ಪಥ್ಯದಿಂದಲೂ ಇಳಿಯಬಹುದು, ಯಾವ ಪಥ್ಯದ ನಂತರವೂ ಏರಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಏರುವುದು ಯಾಕೆ? ಇದಕ್ಕೆ ವಿಜ್ಞಾನ ಉತ್ತರ ಕೊಟ್ಟಿದೆ, ನಮ್ಮ ಮನೆಗಳಿಗೆ ತಲುಪಿಲ್ಲ. ನಮ್ಮ ಕೊಬ್ಬೇ ಒಂದು ರಸವನ್ನು ಸ್ರವಿಸಿ, ಸಂಗ್ರಹ ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತದೆ. ಲೆಪ್ಟಿನ್ ಎಂಬ ಈ ಹಾರ್ಮೋನನ್ನು 1994ರಲ್ಲಿ ಕಂಡುಹಿಡಿದರು. ಕೊಬ್ಬು ಕರಗಿದರೆ ಲೆಪ್ಟಿನ್ ತಗ್ಗುತ್ತದೆ, ಮೆದುಳು ಬರಗಾಲ ಬಂತೆಂದು ಹಸಿವು ಹೆಚ್ಚಿಸುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದರು. ಒಂದು ವರ್ಷದ ನಂತರವೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ಟೆಲಿವಿಷನ್ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಜನರನ್ನು ಆರು ವರ್ಷದ ಬಳಿಕ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. 41 ಕಿಲೋ ಮರಳಿತ್ತು. ಸುಮ್ಮನೆ ಮಲಗಿದ್ದಾಗಲೂ ಅವರ ದೇಹ, ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು.

ನಮ್ಮವ್ವ 1972ರ ಬರ ಕಂಡವಳು. ಕಣಜ ತುಂಬಿದ ಮೇಲೂ ಒಂದು ಹಿಡಿ ಜೋಳ ಚೆಲ್ಲಲು ಬಿಡುತ್ತಿರಲಿಲ್ಲ. ನಮ್ಮ ದೇಹವೂ ಹಾಗೆಯೇ. ನಾನು ಬೇಕೆಂದು ಮಾಡಿದ ಉಪವಾಸ ಯಾವುದು, ಬರಗಾಲದ ಉಪವಾಸ ಯಾವುದು ಎಂಬುದು ಅದಕ್ಕೆ ತಿಳಿಯದು.

ಮನೋಬಲದ ಮಾತಾಡುವವರು ಕುಸ್ತಿಯ ಕಡೆ ನೋಡಲಿ. ಕೊಲ್ಲಾಪುರ ಕುಸ್ತಿಯ ನಾಡು. ಶಾಹು ಮಹಾರಾಜರ ಕಾಲದ ಖಾಸಬಾಗ್ ಮೈದಾನ ಇಲ್ಲಿದೆ. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರು ಇಲ್ಲಿಯ ರಾಜಾರಾಮ್ ಕಾಲೇಜಿನಲ್ಲಿ ಓದಿದವರು. ತಾಲೀಮಿನ ಹುಡುಗ ದಪ್ಪಗಾದರೆ ಊರೇ ಹಾಲು ತುಪ್ಪ ಕೊಟ್ಟು ಮೆಚ್ಚುತ್ತದೆ, ಅವನ ಅಕ್ಕ ದಪ್ಪಗಾದರೆ ಅದೇ ಊರು ಮೂಗು ಮುರಿಯುತ್ತದೆ. ಅದು ಹಾಗಿರಲಿ. 2024ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿಯೂ ಕೇವಲ 100 ಗ್ರಾಮ್ ಹೆಚ್ಚಿದ್ದಕ್ಕೆ ಅನರ್ಹಳಾದಳು. ರಾತ್ರಿಯಿಡೀ ನಿದ್ದೆಗೆಟ್ಟು ಬೆವರಿಳಿಸಿ, ಕೂದಲು ಕತ್ತರಿಸಿಕೊಂಡರೂ, ವೈದ್ಯರು ತರಬೇತುದಾರರು ಜತೆಗಿದ್ದರೂ ಆ 100 ಗ್ರಾಮ್ ಹೋಗಲಿಲ್ಲ. ಆಕೆಗೆ ಮನೋಬಲ ಕಡಿಮೆಯಿತ್ತೆಂದು ಯಾರಾದರೂ ಅನ್ನಬಲ್ಲರೆ?

ಇನ್ನು ತಟ್ಟೆಯ ಮಾತು. ನನ್ನ ಬಾಲ್ಯದಲ್ಲಿ ಹಿರಣ್ಯಕೇಶಿಯ ಆಚೀಚೆ ಜೋಳದ ಹೊಲಗಳು ಕಣ್ಣಿಗೆ ಬೀಳುತ್ತಿದ್ದವು. ನೀರಾವರಿ ಬಂತು, ಸಕ್ಕರೆ ಕಾರ್ಖಾನೆಗಳು ಬಂದವು, ಜೋಳದ ಜಾಗದಲ್ಲಿ ಕಬ್ಬು ನಿಂತಿತು. ರೈತನ ಕೈಯಲ್ಲಿ ನಾಲ್ಕು ಕಾಸು ಆಡಿತು, ತಪ್ಪೆನ್ನಲಾರೆ. ಆದರೆ ರೊಟ್ಟಿ ಕೊಂಡು ತಿನ್ನುವ ವಸ್ತುವಾಯಿತು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದ ಇಚಲಕರಂಜಿಯಲ್ಲಿ ಹನ್ನೆರಡು ತಾಸಿನ ಪಾಳಿಯಲ್ಲಿ ನಿಂತವರು ಕಾಲಿನ ಶಕ್ತಿಗೆ ಸಿಹಿ ಚಹಾ, ಹೊಟ್ಟೆಯ ಸಮಾಧಾನಕ್ಕೆ ವಡಾಪಾವ್ ನಂಬಿದವರು. ರಾತ್ರಿ ಪಾಳಿಯ ಗಂಡಸಿಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹಚ್ಚುವ ಹೆಂಗಸು ತಾನು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ? ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಹೇಳುವವರೇ, ಉಣ್ಣುವ ಹೊತ್ತು, ಉಣ್ಣುವ ಕಾಳು ಎರಡೂ ತನ್ನ ಕೈಯಲ್ಲಿಲ್ಲದವಳು ಊಟವನ್ನು ಬಲ್ಲಳಾದರೂ ಮಾಡುವುದೇನು?

ಅಣಕಕ್ಕೆ ನೊಂದುಕೊಳ್ಳುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ಅಕ್ಕನ ಕಥೆ ಕೇಳಿ. ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿದ್ದಳು, ನನ್ನಂತೆಯೇ ದುಂಡು ಮೈ. ನನ್ನೆದುರು ಹೇಳುತ್ತಿದ್ದಳು: "ಎದಿಯಾಗ ಹಕ್ಕಿ ಒದ್ದಾಡಿದಂಗ ಆಗತೈತಿ, ಆಮ್ಯಾಲ ಎಲ್ಲಾ ನಿಂತಂಗ ಆಗತೈತಿ." ವೈದ್ಯರ ಮುಂದೆ ಆಕೆಗಿದ್ದದ್ದು ಸಂತೆಯ ಮರಾಠಿ. ಆ ಹಕ್ಕಿಗೆ ಅದರಲ್ಲಿ ಮಾತು ಸಿಗಲಿಲ್ಲ. 'ದಮ್ ಲಾಗತೋ' ಎಂದಳು, ದಮ್ಮು ಬರುತ್ತದೆ ಎಂದಷ್ಟೇ. ಅವರು ಆಕೆಯ ಮೈ ನೋಡಿದರು, 'ವಜನ ಕಮೀ ಕರಾ' ಎಂದರು. ಎರಡು ವರ್ಷದಲ್ಲಿ ಮೂರು ಕಡೆ ಇದೇ ಉತ್ತರ. ಆಕೆ ಮನೆಗೆ ಬಂದು ಎರಡು ರೊಟ್ಟಿಯನ್ನು ಒಂದು ಮಾಡಿದಳು. ಕೊನೆಗೆ ಒಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಹೃದಯದ ಕವಾಟ ಎಂದೋ ಕೆಟ್ಟಿದೆ ಎಂದರು. ತಡವಾಗಿತ್ತು. 2011ರ ಶ್ರಾವಣದಲ್ಲಿ ಹೋದಳು. ಬಾಯಿ ಕಟ್ಟಿಕೊಂಡೇ ಹೋದಳು.

ಕಾಸರಗೋಡಿನ ಬಂಧುಗಳೇ, ಇದು ನಿಮಗೆ ದೂರದ ಸುದ್ದಿಯಲ್ಲ. 1956ರಲ್ಲಿ ನೀವು ಕೇರಳಕ್ಕೆ ಹೋದಿರಿ. ನಾವು ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು. ಮರಾಠಿಯ ಮೇಲೆ ನನಗೆ ದ್ವೇಷವಿಲ್ಲ, ಮಲಯಾಳದ ಮೇಲೆ ನಿಮಗೂ ಇರಲಿಕ್ಕಿಲ್ಲ. ಎರಡು ಭಾಷೆ ಕೂಡಿ ಬಾಳುವ ಈ ಸಂಚಿಕೆಯೇ ಸಾಕ್ಷಿ. ಆದರೆ ನೋವು ಹೇಳುವುದು ತಾಯಿನುಡಿಯಲ್ಲಿ. ರೋಗಿಯ ಮಾತು ವೈದ್ಯರಿಗೆ ತಿಳಿಯದಾದಾಗ ತಕ್ಕಡಿಯ ಮುಳ್ಳೊಂದೇ ಮಾತಾಡುತ್ತದೆ. ದಪ್ಪಗಿರುವ ಅಲ್ಪಸಂಖ್ಯಾತ ಹೆಂಗಸು ಹೀಗೆ ಎರಡು ಸಲ ಮೂಕಿಯಾಗುತ್ತಾಳೆ.

ಹಾಗಾದರೆ ತೂಕದಿಂದ ಏನೂ ಆಗದೆ? ಆಗುತ್ತದೆ. ನನ್ನ ಮೊಣಕಾಲೇ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದಿತು. ಆದರೆ ತೆಳ್ಳಗಿರುವವರು ನಿಶ್ಚಿಂತರಾಗಬೇಡಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೂ ಇಂಗ್ಲೆಂಡಿನ ಗೆಳೆಯ ಯುಡ್ಕಿನ್ನರದೂ ಚಿತ್ರ ಒಟ್ಟಿಗೆ ಪ್ರಕಟಿಸಿದರು. ಎತ್ತರಕ್ಕೆ ತೂಗಿದ ತೂಕದ ಸೂಚ್ಯಂಕ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ನನ್ನನ್ನು ನೋಡಿ ನಕ್ಕ ಸಪೂರ ಮೈಯವರೂ ಒಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳಲಿ.

ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಕೊಟ್ಟಿತು. ನಡಿಗೆ ಮತ್ತು ಹಿತವಾದ ಊಟ ಪಾಲಿಸಿದವರಲ್ಲಿ ಮಧುಮೇಹದ ಅಪಾಯ ನೂರಕ್ಕೆ 28.5ರಷ್ಟು ತಗ್ಗಿತ್ತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ಅಂದರೆ ಮುಳ್ಳು ಅಲುಗದಿದ್ದರೂ ನಡೆದದ್ದು ವ್ಯರ್ಥವಲ್ಲ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ, ಪ್ರತಿಸಲ ತೂಕ ಏರಿದಾಗ ಸೋತೆನೆಂದು ನಡಿಗೆ ಬಿಡುತ್ತಿರಲಿಲ್ಲ. ಈಗ ಹೊಸ ಚುಚ್ಚುಮದ್ದುಗಳಿವೆ; 2025ರಲ್ಲಿ ಮೌಂಜಾರೋ, ವಿಗೋವಿ ನಮ್ಮ ದೇಶಕ್ಕೆ ಬಂದವು. ಬೇಕಾದವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ, ನಾಚಿಕೆ ಬೇಡ. ಆದರೆ ವಿಗೋವಿಯ ಮದ್ದನ್ನು ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರ ಮೂರನೆಯ ಎರಡು ಪಾಲು ಮರಳಿದ್ದು 2022ರಲ್ಲೇ ವರದಿಯಾಗಿದೆ. ಮದ್ದು ನಿಲ್ಲಿಸಿದಾಗ ರಕ್ತದೊತ್ತಡ ಏರಿದರೆ ರೋಗಿಯನ್ನು ಬೈಯದವರು ತೂಕ ಏರಿದರೆ ಯಾಕೆ ಬೈಯುತ್ತೀರಿ?

ನಾನು ಕೇಳುವುದು ಹೆಚ್ಚಿಲ್ಲ. ವೈದ್ಯರು ತಕ್ಕಡಿ ನೋಡುವ ಮೊದಲು ಎದೆ ಪರೀಕ್ಷಿಸಲಿ. ಗಡಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲವರೊಬ್ಬರಾದರೂ ಇರಲಿ. ನೆಂಟರು ಮೈಯ ಮಾತು ಬಿಟ್ಟು ಕ್ಷೇಮದ ಮಾತು ಕೇಳಲಿ. ಮನೆಯ ಹೆಣ್ಣುಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. 2025ರ ಮಾರ್ಚಿನಲ್ಲಿ ನಿಮ್ಮ ನೆರೆಯ ಕಣ್ಣೂರಿನ ಕಡೆ, ದಪ್ಪಗಾಗುವ ಭಯದಿಂದ ಊಟ ಬಿಟ್ಟ ಎಳೆಯ ಹುಡುಗಿಯೊಬ್ಬಳು ತೀರಿಕೊಂಡ ಸುದ್ದಿ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆ ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಹತ್ತು ವರ್ಷದ ಮೊಮ್ಮಗಳು ಕೂತಿದ್ದಳು. ಎಲ್ಲರೂ ನಕ್ಕಾಗ ಆಕೆ ನಗಲಿಲ್ಲ. ತನ್ನ ಎಲೆಯ ಮೇಲಿನ ಹೋಳಿಗೆಯನ್ನು ಮೆಲ್ಲನೆ ಅಂಚಿಗೆ ಸರಿಸಿದಳು. ಅದನ್ನು ನಾನು ನೋಡಿದೆ, ಆದರೂ ಬಾಯಿ ಬಿಡಲಿಲ್ಲ. ತಪ್ಪಾಯಿತು. ಮಾಘದಲ್ಲಿ ಅದೇ ಬಳಗದಲ್ಲಿ ಇನ್ನೊಂದು ಮದುವೆಯಿದೆ. ನಾದಿನಿ ಬರುತ್ತಾಳೆ, ಮೊಮ್ಮಗಳೂ ಬರುತ್ತಾಳೆ. ಈ ಸಂಚಿಕೆಯನ್ನು ನಾದಿನಿಯ ಕೈಗೆ ಕೊಡುತ್ತೇನೆ. ಹೋಳಿಗೆ ಬಡಿಸಿದಾಗ ಒಂದು ನಾನು ತಿನ್ನುತ್ತೇನೆ, ಒಂದು ಮೊಮ್ಮಗಳಿಗೆ ತಿನ್ನಿಸುತ್ತೇನೆ.