ಗೊತ್ತಿಲ್ಲ ಎನ್ನಲು ಕಲಿತ ಗಡಿಯಾರ

ಮಕ್ಕಳೇ, ರಾತ್ರಿ ಎಂಟಕ್ಕೆ ನಾನೊಂದು ಬಿ.ಪಿ. ಮಾತ್ರೆ ನುಂಗಬೇಕು. ಅಜ್ಜ ಮರೆಯುತ್ತಾರೆಂದು ಏಳನೆಯ ತರಗತಿಯ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಗಡಿಯಾರವೊಂದನ್ನು ಮಾಡಿಕೊಟ್ಟಳು. ಬೆಂಕಿಪೊಟ್ಟಣದಷ್ಟು ದೊಡ್ಡ ಇಎಸ್‌ಪಿ-32 ಎಂಬ ವೈಫೈ ಬೋರ್ಡು, ಪುಟ್ಟ ಪರದೆ, ಎಂಟಕ್ಕೆ ಕೀಂಯ್ ಎನ್ನುವ ಬಜರ್. ಕೊಡಲು ಕೀಲಿಯಿಲ್ಲ, ಸರಿಪಡಿಸಲು ಗುಂಡಿಯೂ ಇಲ್ಲ.

"ಹಾಗಾದರೆ ಇದಕ್ಕೆ ಗಂಟೆ ಎಷ್ಟಾಯಿತೆಂದು ಹೇಳುವವರು ಯಾರೇ?" ಎಂದೆ.

"ಇಂಟರ್‌ನೆಟ್ಟಿನಲ್ಲಿ ಸಮಯದ ಸರ್ವರ್‌ಗಳಿವೆ ಅಜ್ಜ. ಇದು ಕೇಳುತ್ತೆ, ಅವು ಹೇಳ್ತವೆ."

ಕೇಳುವ ಆ ಕ್ರಮಕ್ಕೆ ಎನ್‌ಟಿಪಿ ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಬಳಕೆಯಲ್ಲಿದೆ. ಬೋರ್ಡು 48 ಬೈಟ್‌ಗಳ ಚೀಟಿ ಕಳಿಸುತ್ತದೆ. 1900ರ ಜನವರಿ 1ರಿಂದ ಈವರೆಗೆ ಎಷ್ಟು ಸೆಕೆಂಡು ಕಳೆಯಿತೆಂದು ಸರ್ವರ್ ಬರೆದು ಮರಳಿಸುತ್ತದೆ. ಉತ್ತರ ದಾರಿಯಲ್ಲಿರುವಾಗಲೂ ಸಮಯ ನಿಲ್ಲುವುದಿಲ್ಲವಲ್ಲ! ಅದಕ್ಕೇ ಚೀಟಿ ಹೊರಟದ್ದು, ತಲುಪಿದ್ದು, ಮರಳಿ ಹೊರಟದ್ದು, ಬಂದದ್ದು ಎಲ್ಲವನ್ನೂ ಗುರುತು ಹಾಕಿಕೊಂಡು, ದಾರಿಯ ಹೊತ್ತಿನ ಅರ್ಧವನ್ನು ಕೂಡಿಕೊಳ್ಳುವ ಏರ್ಪಾಡಿದೆ. ಗೋಡೆ ಗಡಿಯಾರಕ್ಕೆ ಅಷ್ಟು ಸೂಕ್ಷ್ಮ ಬೇಡವೆಂದು ಚಿಕ್ಕ ಬೋರ್ಡುಗಳು ಎಷ್ಟೋ ಸಲ ಈ ಲೆಕ್ಕ ಬಿಟ್ಟುಬಿಡುತ್ತವೆ.

ಬರುವ ಉತ್ತರ ಇಡೀ ಲೋಕಕ್ಕೆ ಒಂದೇ. ನಮ್ಮ ಸಮಯಕ್ಕೆ ಐದೂವರೆ ಗಂಟೆ, ಅಂದರೆ 19,800 ಸೆಕೆಂಡು ಕೂಡಬೇಕು. ಮೊದಲ ದಿನ ಅವಳು ಅದನ್ನು ಮರೆತಿದ್ದಳು. ನಡುಮಧ್ಯಾಹ್ನ ಗಡಿಯಾರ ಆರೂವರೆ ತೋರಿಸಿತು. ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ಒಮ್ಮೆ ಕೇಳಿಕೊಂಡ ಮೇಲೆ ಬೋರ್ಡು ತನ್ನ ಸ್ಫಟಿಕದ ಮಿಡಿತ ಎಣಿಸುತ್ತ ತಾನೇ ನಡೆಯುತ್ತದೆ. ಸ್ಫಟಿಕ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ ಎರಡು ಸೆಕೆಂಡು ಮುಟ್ಟದು. ಗಂಟೆಗೊಮ್ಮೆ ಮತ್ತೆ ಕೇಳುವುದರಿಂದ ಆ ತಪ್ಪೂ ಬೆಳೆಯದು. ಇಷ್ಟು ತಿಳಿದ ಮೇಲೆ ನಾನು ಅದನ್ನು ಪೂರ್ತಿ ನಂಬಿಬಿಟ್ಟೆ.

ಮೇ ತಿಂಗಳ ಒಂದು ಸಂಜೆ ಗುಡುಗು ಮಳೆಗೆ ಕರೆಂಟು ಹೋಯಿತು. ಏಳೂವರೆಗೆ ಬಂತು, ಇಂಟರ್‌ನೆಟ್ ಬರಲಿಲ್ಲ. ನಾನು ಪುಸ್ತಕ ಹಿಡಿದು ಕೂತೆ. ನಡುವೆ ಕತ್ತೆತ್ತಿದಾಗ ಗಡಿಯಾರ 7.00 ಎನ್ನುತ್ತಿತ್ತು. ಇನ್ನೂ ಹೊತ್ತಿದೆ ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಬಂದು, "ಒಂಬತ್ತಾಯ್ತು, ಮಾತ್ರೆ ತಗೊಂಡ್ರಾ?" ಎಂದಾಗ ಬೆಚ್ಚಿಬಿದ್ದೆ.

ಮೊಮ್ಮಗಳು ಪರದೆಯ ಮೂಲೆಗೆ ಬೆರಳಿಟ್ಟಳು. "ಅಜ್ಜ, ತಾರೀಕು ನೋಡು." 1-1-1970!

ಬೋರ್ಡಿನೊಳಗಿನ ಲೆಕ್ಕ ಆ ದಿನದಿಂದ ಶುರುವಾಗುತ್ತದೆ. ಕರೆಂಟು ಹೋದರೆ ಅದು ಎಲ್ಲ ಮರೆತು ಸೊನ್ನೆಗೆ ಮರಳುತ್ತದೆ. ಐದೂವರೆ ಗಂಟೆ ಕೂಡಿದರೆ ಬೆಳಗಿನ 5.30. ಏಳೂವರೆಗೆ ಅಲ್ಲಿಂದ ಎಣಿಸತೊಡಗಿ, ಒಂಬತ್ತಕ್ಕೆ ಏಳು ತೋರಿಸಿದೆ. ಅದು ಬೆಳಗಿನ ಏಳಾದ್ದರಿಂದ ರಾತ್ರಿ ಎಂಟರ ಬಜರ್ ಕೂಗಲೇ ಇಲ್ಲ. ತಡವಾದದ್ದಕ್ಕೆ ನನಗೇನೂ ಆಗಲಿಲ್ಲ. ಅವಳು ಮಾತ್ರ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಎರಡು ಸಾಲು ಹೊಸದಾಗಿ ಬರೆದಳು: ವರ್ಷ 2024ಕ್ಕಿಂತ ಹಿಂದಿನದಾದರೆ ಅಂಕಿ ತೋರಿಸಬೇಡ, ನಾಲ್ಕು ಅಡ್ಡಗೆರೆ ತೋರಿಸು. ಕರೆಂಟಿಲ್ಲದಾಗಲೂ ನಾಣ್ಯದಂಥ ಬ್ಯಾಟರಿಯಿಂದ ನಡೆಯುವ ಡಿಎಸ್-3231 ಎಂಬ ಗಡಿಯಾರದ ಚಿಪ್ಪು ಜೋಡಿಸುವ ಆಸೆಯಿದೆ. ಅಪ್ಪನ ಜೇಬಿಗೆ ಅರ್ಜಿ ಹಾಕಿದ್ದಾಳೆ.

ಮೊನ್ನೆ ಮತ್ತೆ ಕರೆಂಟು ಹೋಗಿ ಬಂತು. ಪರದೆಯಲ್ಲಿ ನಾಲ್ಕು ಅಡ್ಡಗೆರೆ. ಎದ್ದು ಹೋಗಿ ಹಜಾರದ ಹಳೆಯ ಕೀಲಿ ಗಡಿಯಾರ ನೋಡಿದೆ. ಅದು ನಾಲ್ಕು ನಿಮಿಷ ಮುಂದಿದೆ. ಮಾತ್ರೆಗೆ ಅಷ್ಟು ಸಾಕು.