ಗುತ್ತಿಗೆಯ ಮೊತ್ತವೂ ಕಾಲುವೆಯ ನೀರೂ

ದೇಶದ ಅತಿದೊಡ್ಡ ನಿರ್ಮಾಣ ಕಂಪೆನಿ ಯಾವುದು? ವಾಣಿಜ್ಯ ಪುಟಗಳು ಈ ಪ್ರಶ್ನೆಗೆ ಪ್ರತಿ ವರ್ಷವೂ ಉತ್ತರ ನೀಡುತ್ತವೆ. ಯಾರು ಎಷ್ಟು ಕೋಟಿ ರೂಪಾಯಿಯ ಗುತ್ತಿಗೆಗಳನ್ನು ಗೆದ್ದರು ಎಂಬುದೇ ಅಲ್ಲಿನ ಅಳತೆಗೋಲು. 2024-25ರ ಆರ್ಥಿಕ ವರ್ಷದಲ್ಲಿ ಲಾರ್ಸನ್ ಆ್ಯಂಡ್ ಟೂಬ್ರೊ ಸಮೂಹವು ಪಡೆದ ಹೊಸ ಗುತ್ತಿಗೆಗಳ ಮೊತ್ತ ಸುಮಾರು 3.56 ಲಕ್ಷ ಕೋಟಿ ರೂಪಾಯಿ. ಅದೇ ವರ್ಷಕ್ಕಾಗಿ ಕರ್ನಾಟಕ ಸರಕಾರ ಮಂಡಿಸಿದ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ಅಂದರೆ ಒಂದು ರಾಜ್ಯದ ಇಡೀ ವರ್ಷದ ಆಯವ್ಯಯಕ್ಕೆ ಸರಿಸಮವೆನ್ನಬಹುದಾದ ಕೆಲಸ ಒಂದೇ ಸಮೂಹದ ಪಾಲಾಗಿದೆ. ಇಂತಹ ಅಂಕಿಗಳನ್ನು ಓದಿದಾಗ ಬೆರಗಾಗುವುದು ಸಹಜ. ಆದರೆ ಬೆರಗು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ. ಗುತ್ತಿಗೆ ಗೆದ್ದವರನ್ನು ಈ ಪಟ್ಟಿ ಎಣಿಸುತ್ತದೆ. ಆ ಕೆಲಸವನ್ನು ಮುಗಿಸಿಕೊಟ್ಟವರನ್ನು ಎಣಿಸುವವರು ಯಾರು?

ಈ ಪ್ರಶ್ನೆಯನ್ನು ಕೇಳಲು ಚಿತ್ರದುರ್ಗ ಜಿಲ್ಲೆಗಿಂತ ಸೂಕ್ತವಾದ ಸ್ಥಳ ಇನ್ನೊಂದಿಲ್ಲ. ನೀರಿಗಾಗಿ, ರಸ್ತೆಗಾಗಿ, ರೈಲಿಗಾಗಿ ಈ ಜಿಲ್ಲೆಯ ಹೆಸರಿನಲ್ಲಿ ಕರೆಯಲಾದ ಟೆಂಡರುಗಳಿಗೆ ಲೆಕ್ಕವಿಲ್ಲ. ಆದರೆ ಆ ಟೆಂಡರುಗಳ ಫಲವನ್ನು ಕಣ್ಣಾರೆ ಕಾಣಲು ಇಲ್ಲಿಯ ಜನ ಎಷ್ಟು ಕಾಲ ಕಾಯಬೇಕಾಗಿದೆ ಎಂಬುದನ್ನು ಹೊಳಲ್ಕೆರೆಯ ಅಡಿಕೆ ಬೆಳೆಗಾರನೂ ಹೊಸದುರ್ಗದ ತೆಂಗು ಬೆಳೆಗಾರನೂ ಚೆನ್ನಾಗಿ ಬಲ್ಲರು.

ಭದ್ರಾ ಮೇಲ್ದಂಡೆ ಯೋಜನೆಯನ್ನೇ ತೆಗೆದುಕೊಳ್ಳೋಣ. ತುಂಗಾ ನದಿಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ 29.9 ಟಿಎಂಸಿ ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು ಇದರ ಸಂಕಲ್ಪ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಒದಗಿಸಿ, 367 ಕೆರೆಗಳನ್ನು ತುಂಬಿಸುವ ಗುರಿ ಇದೆ. 2008ರಲ್ಲಿ ಈ ಯೋಜನೆಯ ಅಂದಾಜು ವೆಚ್ಚ 5,985 ಕೋಟಿ ರೂಪಾಯಿ ಇತ್ತು. ಮುಂದೆ ಅದು 12,340 ಕೋಟಿಗೆ ಏರಿತು. ಬಳಿಕ 21,473 ಕೋಟಿಯನ್ನು ದಾಟಿತು. 2023ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರು. ಆ ಹಣ ಬಿಡುಗಡೆಯಾಗಿಲ್ಲವೆಂದು ರಾಜ್ಯ ಸರಕಾರ 2024 ಮತ್ತು 2025ರಲ್ಲಿ ಪದೇ ಪದೇ ದೂರಿತು. ಅತ್ತ ಅಬ್ಬಿನಹೊಳಲು ಗ್ರಾಮದ ಬಳಿ ಎರಡು ಕಿಲೋಮೀಟರಿಗಿಂತಲೂ ಕಡಿಮೆ ಉದ್ದದ ಕಾಲುವೆಯ ಕೆಲಸವು ಭೂಪರಿಹಾರದ ತಕರಾರಿನಿಂದಾಗಿ ವರ್ಷಗಳ ಕಾಲ ಸ್ಥಗಿತಗೊಂಡಿತ್ತು. ಸಾವಿರಾರು ಕೋಟಿಯ ಯೋಜನೆ ಒಂದು ತುಂಡು ಭೂಮಿಯ ಮುಂದೆ ನಿಂತುಬಿಟ್ಟಿತು. ಭೂಮಿಯನ್ನು ಮೊದಲು ಪಡೆದು, ಪರಿಹಾರವನ್ನು ಮೊದಲು ಕೊಟ್ಟು, ಆನಂತರ ಗುತ್ತಿಗೆ ನೀಡುವ ಕ್ರಮವನ್ನು ಪಾಲಿಸಿದ್ದರೆ ರೈತನಿಗೂ ಅನ್ಯಾಯವಾಗುತ್ತಿರಲಿಲ್ಲ, ಕಾಲುವೆಯೂ ನಿಲ್ಲುತ್ತಿರಲಿಲ್ಲ.

ಯೋಜನೆಯ ಅಂದಾಜು ವೆಚ್ಚ ಮತ್ತು ಗುತ್ತಿಗೆಯ ಮೊತ್ತ ಒಂದೇ ಅಲ್ಲ ಎಂಬುದು ನಿಜ. ಅಂದಾಜಿನಲ್ಲಿ ಭೂಮಿಯ ಬೆಲೆ, ವಿದ್ಯುತ್ ಮಾರ್ಗ, ಆಡಳಿತ ವೆಚ್ಚ ಎಲ್ಲವೂ ಸೇರಿರುತ್ತವೆ. ಆದರೆ ಎರಡರ ಗುಣವೂ ಒಂದೇ. ಕೆಲಸ ತಡವಾದಷ್ಟೂ ಸಿಮೆಂಟು, ಕಬ್ಬಿಣ, ಡೀಸೆಲ್‌ಗಳ ದರ ಏರುತ್ತದೆ. ದರ ಏರಿದಷ್ಟೂ ಅಂದಾಜು ಪರಿಷ್ಕೃತವಾಗುತ್ತದೆ. ಅಂದಾಜು ಪರಿಷ್ಕೃತವಾದಷ್ಟೂ ಮುಂದೆ ಕರೆಯುವ ಗುತ್ತಿಗೆಗಳ ಮೊತ್ತ ಹಿಗ್ಗುತ್ತದೆ. ಹೀಗೆ ವಿಳಂಬವೇ ಮೌಲ್ಯವಾಗಿ ಪರಿವರ್ತನೆಗೊಳ್ಳುವ ವಿಚಿತ್ರ ವ್ಯವಸ್ಥೆಯೊಂದು ನಮ್ಮ ಕಣ್ಣೆದುರಿಗಿದೆ. ರೈತನ ಪಾಲಿಗೆ ನಷ್ಟವಾದ ವರ್ಷಗಳು ಪಟ್ಟಿಯಲ್ಲಿ ಲಾಭದ ಅಂಕಿಗಳಾಗಿ ಕಾಣಿಸಿಕೊಳ್ಳುತ್ತವೆ.

ಇದೇ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಂದು ನಿರ್ಮಾಣವಿದೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ. ಮೈಸೂರು ಸಂಸ್ಥಾನವು 1898ರಲ್ಲಿ ಆರಂಭಿಸಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಒಂಬತ್ತು ವರ್ಷಗಳಲ್ಲಿ ಸುಮಾರು 30 ಟಿಎಂಸಿ ನೀರು ಹಿಡಿಯಬಲ್ಲ ಜಲಾಶಯ ಸಿದ್ಧವಾಯಿತು. ಆ ಕಾಲವೇ ಸುವರ್ಣಯುಗವಾಗಿತ್ತೆಂದು ನಾವು ಹೇಳುತ್ತಿಲ್ಲ. ಕಲ್ಲು ಹೊತ್ತ ಕೂಲಿಗಳ ಕಷ್ಟವನ್ನು ಯಾವ ಶಿಲಾಫಲಕವೂ ಹೇಳುವುದಿಲ್ಲ. ಆದರೂ ಅದನ್ನು ಇಂದು ಯಾರೂ ಖರ್ಚಾದ ರೂಪಾಯಿಗಳಿಂದ ಅಳೆಯುವುದಿಲ್ಲ. ಈ ವರ್ಷ ನೀರು ಎಷ್ಟು ಅಡಿಗೆ ಬಂತು ಎಂದೇ ಕೇಳುತ್ತಾರೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ 2022ರಲ್ಲಿ, ಅಂದರೆ 89 ವರ್ಷಗಳ ಬಳಿಕ ಮತ್ತೆ ಕೋಡಿ ಬಿದ್ದಾಗ ಸುತ್ತಲಿನ ಊರುಗಳ ಜನ ಹಬ್ಬದಂತೆ ನೆರೆದರು. ಜನರ ಅಳತೆಗೋಲು ಅದು. ಕೆಲಸದ ಬೆಲೆಯನ್ನು ಅದರ ಪ್ರಯೋಜನದಿಂದ ತೂಗುವ ಆ ವಿವೇಕವು ಪಟ್ಟಿ ಸಿದ್ಧಪಡಿಸುವವರಿಗೂ ಬರಬೇಕಾಗಿದೆ.

ಮೊತ್ತದ ಅಂಕಿ ಮರೆಮಾಚುವ ಇನ್ನೊಂದು ಸಂಗತಿಯೂ ಇದೆ. ಹಣ ಕೊಡುವವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ತುಮಕೂರಿನಿಂದ ಹಿರಿಯೂರಿನ ಮೂಲಕ ಚಿತ್ರದುರ್ಗಕ್ಕೆ ಬರುವ 114 ಕಿಲೋಮೀಟರ್ ಹೆದ್ದಾರಿಯನ್ನು ಷಟ್ಪಥವಾಗಿಸುವ ಕೆಲಸವನ್ನು 2010ರಲ್ಲಿ ಐಆರ್‌ಬಿ ಕಂಪೆನಿ ಗೆದ್ದುಕೊಂಡಿತು. ಭದ್ರಾ ಕಾಲುವೆಯಲ್ಲಿ ಸರಕಾರ ಗುತ್ತಿಗೆದಾರನಿಗೆ ಹಣ ಕೊಡುತ್ತದೆ. ಇಲ್ಲಿ ಕಂಪೆನಿಯೇ ಪ್ರತಿವರ್ಷ ಹೆದ್ದಾರಿ ಪ್ರಾಧಿಕಾರಕ್ಕೆ ಹಣ ಕೊಡಲು ಒಪ್ಪಿ, ಅದಕ್ಕೆ ಪ್ರತಿಯಾಗಿ ಟೋಲ್ ಸಂಗ್ರಹಿಸುವ ಹಕ್ಕನ್ನು ಪಡೆಯಿತು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದರ ವೆಚ್ಚ ತೆರಿಗೆದಾರನದು, ಇನ್ನೊಂದರ ವೆಚ್ಚ ಲಾರಿ ಚಾಲಕನಿಂದ ಹಿಡಿದು ತರಕಾರಿ ಕೊಳ್ಳುವ ಗೃಹಿಣಿಯವರೆಗೆ ಹಂಚಿಹೋಗುವಂಥದು. ಪಟ್ಟಿಯಲ್ಲಿ ಎರಡೂ ಕೋಟಿಗಳೇ!

ಗುತ್ತಿಗೆಗಳ ರಾಶಿಯೇ ಕಂಪೆನಿಯ ಬಲವೆಂದು ನಂಬಿದವರಿಗೆ ಇತ್ತೀಚಿನ ಇತಿಹಾಸ ಕಠಿಣ ಪಾಠ ಕಲಿಸಿದೆ. ಬ್ರಿಟನ್ನಿನ ಕ್ಯಾರಿಲಿಯನ್ ಕಂಪೆನಿಯು ಆ ದೇಶದ ಅಗ್ರಗಣ್ಯ ನಿರ್ಮಾಣ ಸಂಸ್ಥೆಗಳಲ್ಲಿ ಒಂದಾಗಿತ್ತು. 2017ರ ಜುಲೈಯಲ್ಲಿ ತನ್ನ ಗುತ್ತಿಗೆಗಳಿಂದ 84.5 ಕೋಟಿ ಪೌಂಡುಗಳಷ್ಟು ನಷ್ಟವಾಗಲಿದೆಯೆಂದು ಅದು ಪ್ರಕಟಿಸಿತು. ಒಂದೇ ವಾರದ ಬಳಿಕ ಲಂಡನ್ನಿನಿಂದ ಹೊರಡುವ ಅತಿವೇಗದ ರೈಲುಮಾರ್ಗದ ಗುತ್ತಿಗೆಯಲ್ಲಿ ಅದಕ್ಕೂ ಪಾಲು ಸಿಕ್ಕಿತು. 2018ರ ಜನವರಿ 15ರಂದು ಕಂಪೆನಿ ಮುಳುಗಿತು. ಸುಮಾರು 30 ಸಾವಿರ ಪೂರೈಕೆದಾರರು ಮತ್ತು ಉಪಗುತ್ತಿಗೆದಾರರಿಗೆ ಅದು ಸುಮಾರು 200 ಕೋಟಿ ಪೌಂಡುಗಳನ್ನು ಬಾಕಿ ಉಳಿಸಿತ್ತು. ನಮ್ಮ ದೇಶದಲ್ಲೂ ಉದಾಹರಣೆಗಳಿವೆ. ಹೈದರಾಬಾದಿನ ಐವಿಆರ್‌ಸಿಎಲ್ ಒಂದು ಕಾಲದಲ್ಲಿ ಪ್ರಮುಖ ಕಂಪೆನಿಗಳ ಸಾಲಿನಲ್ಲಿತ್ತು. 2009ರಲ್ಲಿ ಅದು ಆರಂಭಿಸಿದ ಕೋಲ್ಕತಾದ ವಿವೇಕಾನಂದ ರಸ್ತೆಯ ಮೇಲ್ಸೇತುವೆಯು ಪೂರ್ಣವಾಗದೆಯೇ 2016ರ ಮಾರ್ಚ್ 31ರಂದು ಕುಸಿದು 25ಕ್ಕೂ ಹೆಚ್ಚು ಮಂದಿ ಪ್ರಾಣ ಕಳಕೊಂಡರು. 2018ರಲ್ಲಿ ಕಂಪೆನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಗೆದ್ದ ಗುತ್ತಿಗೆಯೆಂಬುದು ಒಂದು ವಾಗ್ದಾನ ಮಾತ್ರ. ವಾಗ್ದಾನಗಳನ್ನು ಕೂಡಿಸಿ ಬರೆದ ಮೊತ್ತವನ್ನು ಸಾಧನೆಯೆಂದು ಕರೆಯಲಾಗದು.

ಇದು ಷೇರುಪೇಟೆಯವರ ಚಿಂತೆ, ನಮಗೇಕೆ ಎಂದು ಓದುಗರು ಕೇಳಬಹುದು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳ ನಮ್ಮ ಮೊಹಲ್ಲಾಗಳತ್ತ ಒಮ್ಮೆ ದೃಷ್ಟಿ ಹಾಯಿಸಿದರೆ ಸಾಕು. ಗಾರೆ ಕೆಲಸ, ಸೆಂಟ್ರಿಂಗ್, ಕಂಬಿ ಕಟ್ಟುವುದು, ಟೈಲ್ಸ್, ಪೇಂಟಿಂಗ್, ವೆಲ್ಡಿಂಗ್, ಜೆಸಿಬಿ ಮತ್ತು ಟಿಪ್ಪರ್ ಚಾಲನೆ ಇವುಗಳನ್ನೇ ನಂಬಿದ ಕುಟುಂಬಗಳು ಅಲ್ಲಿವೆ. ದೊಡ್ಡ ಕಂಪೆನಿ ಗೆದ್ದ ಗುತ್ತಿಗೆ ಅದರಿಂದ ಉಪಗುತ್ತಿಗೆದಾರನಿಗೆ, ಅವನಿಂದ ಇನ್ನೊಬ್ಬನಿಗೆ, ಅವನಿಂದ ಮೇಸ್ತ್ರಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ಹಣ ತೆಳುವಾಗುತ್ತದೆ, ಹೊಣೆಗಾರಿಕೆ ಅದಕ್ಕಿಂತಲೂ ವೇಗವಾಗಿ ತೆಳುವಾಗುತ್ತದೆ. ಮೇಲಿನ ಬಿಲ್ಲು ಪಾಸಾಗಲಿಲ್ಲವೆಂದರೆ ಕೆಳಗಿನ ಶನಿವಾರದ ಬಟವಾಡೆ ನಿಲ್ಲುತ್ತದೆ. ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೇಳಲಾಗುತ್ತಿದೆಯೆಂದು ರಾಜ್ಯ ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಿಯವರಿಗೆ ಪತ್ರ ಬರೆದದ್ದನ್ನು ನಾಡು ಮರೆತಿಲ್ಲ. ಅಂತಹ ಆರೋಪ ಯಾವ ಸರಕಾರದ ಕಾಲದಲ್ಲಿ ಬಂದರೂ ಅದರ ಹೊರೆ ಬೀಳುವುದು ಮೆಟ್ಟಿಲಿನ ಕೊನೆಯಲ್ಲಿರುವವನ ಕೂಲಿಯ ಮೇಲೆ ಮತ್ತು ಕಾಂಕ್ರೀಟಿನಲ್ಲಿ ಕಡಿಮೆಯಾದ ಸಿಮೆಂಟಿನ ಮೇಲೆ.

ಗುತ್ತಿಗೆಯಲ್ಲಿ ಮೀಸಲಾತಿಯ ವಿವಾದವನ್ನೂ ಈ ಬೆಳಕಿನಲ್ಲೇ ನೋಡಬೇಕು. 2025ರ ಮಾರ್ಚ್‌ನಲ್ಲಿ ರಾಜ್ಯ ವಿಧಾನಮಂಡಲವು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು, 2 ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪ್ರವರ್ಗ 2ಬಿಗೆ ಶೇ. 4ರಷ್ಟು ಪಾಲು ನೀಡುವ ಮಸೂದೆಯನ್ನು ಅಂಗೀಕರಿಸಿತು. ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿದರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಪ್ರವರ್ಗ 1 ಮತ್ತು 2ಎಗೆ ಇಂತಹ ಅವಕಾಶ ಅದಕ್ಕೂ ಮೊದಲೇ ಇತ್ತು. 2 ಕೋಟಿಯೆಂದರೆ ಒಂದು ಸಣ್ಣ ರಸ್ತೆ, ಒಂದು ಶಾಲಾ ಕಟ್ಟಡ. ಇದನ್ನೇ ದೇಶದ ಸಂಪತ್ತು ಒಂದು ಸಮುದಾಯದ ಪಾಲಾಗುತ್ತದೆಂಬಂತೆ ಚಿತ್ರಿಸಿದವರು ಲಕ್ಷಾಂತರ ಕೋಟಿಯ ಗುತ್ತಿಗೆಗಳು ಬೆರಳೆಣಿಕೆಯ ಕಂಪೆನಿಗಳ ಪಾಲಾಗುವುದನ್ನು ಪ್ರಶ್ನಿಸಿದ್ದು ನಮ್ಮ ಗಮನಕ್ಕೆ ಬಂದಿಲ್ಲ. ಸಣ್ಣ ಗುತ್ತಿಗೆದಾರನಿಗೆ ಬಾಗಿಲು ತೆರೆಯುವುದು ನ್ಯಾಯವೆಂದೇ ನಮ್ಮ ನಿಲುವು.

ಆದರೆ ಸಮುದಾಯಕ್ಕೂ ಒಂದು ಮಾತು ಹೇಳಬೇಕಾಗಿದೆ. ನಮ್ಮವರು ಎಷ್ಟು ಗುತ್ತಿಗೆ ಗೆದ್ದರು ಎಂಬುದನ್ನೇ ಸಮುದಾಯದ ಪ್ರಗತಿಯೆಂದು ಭಾವಿಸಿದರೆ ನಾವೂ ಅದೇ ಪಟ್ಟಿಯ ಭ್ರಮೆಗೆ ಬಲಿಯಾದಂತೆ. ನಾಲ್ಕು ಮಂದಿ ಗುತ್ತಿಗೆದಾರರು ಬೆಳೆದು, ಅವರ ಕೈಕೆಳಗಿನ ನಾನೂರು ಮಂದಿ ಕಾರ್ಮಿಕರು ನೋಂದಣಿಯೂ ಇಲ್ಲದೆ, ವಿಮೆಯೂ ಇಲ್ಲದೆ ಸಾರುವೆ ಹತ್ತುತ್ತಿದ್ದರೆ ಅದು ಯಾರ ಪ್ರಗತಿ? ಬೇರೊಬ್ಬನಿಗೆ ತನ್ನ ಲೈಸೆನ್ಸ್ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಳಿತುಕೊಳ್ಳುವವನಿಂದ ಮೀಸಲಾತಿಯ ಉದ್ದೇಶವೇ ಸೋಲುತ್ತದೆ.

ಹಾಗಾದರೆ ಪಟ್ಟಿಯೇ ಬೇಡವೇ? ಬೇಕು, ಆದರೆ ಅದರ ಅಂಕಣಗಳು ಬದಲಾಗಬೇಕು. ಪ್ರತಿ ಗುತ್ತಿಗೆದಾರ ಸಂಸ್ಥೆಯ ಹೆಸರಿನ ಮುಂದೆ ನಾಲ್ಕು ಸಂಗತಿಗಳನ್ನು ಬರೆಯಲಿ. ಒಪ್ಪಿದ ಅವಧಿಯಲ್ಲಿ ಮುಗಿಸಿದ ಕೆಲಸಗಳೆಷ್ಟು? ಒಪ್ಪಂದದ ಮೊತ್ತಕ್ಕೂ ಅಂತಿಮ ಬಿಲ್ಲಿಗೂ ಅಂತರವೆಷ್ಟು? ಕೆಲಸದ ಸ್ಥಳದಲ್ಲಿ ಸತ್ತವರು, ಅಂಗಹೀನರಾದವರು ಎಷ್ಟು ಮಂದಿ? ದುಡಿದವರಲ್ಲಿ ನೋಂದಣಿಯಾದವರು ಎಷ್ಟು, ಅವರ ಕೂಲಿಯ ಬಾಕಿ ಎಷ್ಟು? ರಾಜ್ಯದಲ್ಲಿ ಟೆಂಡರುಗಳೆಲ್ಲ ಇ-ಪ್ರೊಕ್ಯೂರ್‌ಮೆಂಟ್ ಮೂಲಕ ನಡೆಯುವಾಗ ಮೊದಲೆರಡು ಅಂಕಣಗಳನ್ನು ತುಂಬಲು ಸರಕಾರಕ್ಕೆ ಕಷ್ಟವೇನಿಲ್ಲ. ಉಳಿದೆರಡನ್ನು ಕಾರ್ಮಿಕ ಇಲಾಖೆ ತುಂಬಲಿ. ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ ಕೊಡುವ ಮುನ್ನ ಅಧಿಕಾರಿಗಳು ಈ ಪಟ್ಟಿಯನ್ನು ನೋಡಲಿ.

ಸರಕಾರ ಮಾಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಿಂದಲೂ ನಮ್ಮ ಕೈಯಲ್ಲಿದೆ. ನಮ್ಮ ಬೀದಿಯ ಚರಂಡಿಯ ಗುತ್ತಿಗೆ ಯಾರದು, ಅವಧಿ ಎಷ್ಟು, ಪಾವತಿಯಾದ ಹಣವೆಷ್ಟು ಎಂದು ಕೇಳಲು ಯಾರ ಅಪ್ಪಣೆಯೂ ಬೇಡ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಸೆಸ್ ಸಂಗ್ರಹಿಸುವ ವ್ಯವಸ್ಥೆ 1996ರ ಕಾಯ್ದೆಗಳಿಂದ ಬಂತು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಅದು ಮುಂದುವರಿದಿದೆ. ಆ ಹಣ ಕಾರ್ಮಿಕನ ಪಿಂಚಣಿಗೆ, ಅಪಘಾತ ಪರಿಹಾರಕ್ಕೆ, ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲು. ನಕಲಿ ಫಲಾನುಭವಿಗಳು ಅದನ್ನು ಕಬಳಿಸಲು ಹವಣಿಸುತ್ತಿರುವಾಗ ನಿಜವಾದ ಕಾರ್ಮಿಕನ ಹೆಸರೇ ಪುಸ್ತಕದಲ್ಲಿ ಇಲ್ಲದಿರುವುದು ವಿಪರ್ಯಾಸ. ಪ್ರತಿ ಪಟ್ಟಣದ ಜಮಾಅತ್‌ಗಳು, ಯುವಕ ಸಂಘಗಳು ಒಂದು ಭಾನುವಾರ ಮೇಸ್ತ್ರಿಗಳನ್ನೂ ಕೂಲಿಗಳನ್ನೂ ಕರೆದು ಅರ್ಜಿ ತುಂಬಿಸಿದರೆ ಅದರಿಂದಾಗುವ ಉಪಕಾರ ಯಾವ ಗುತ್ತಿಗೆಯ ಮೊತ್ತಕ್ಕೂ ಕಡಿಮೆಯದಲ್ಲ.

ಕೊನೆಯದಾಗಿ, ನಾವೇ ಕಟ್ಟಿಸುವ ಕಟ್ಟಡಗಳಿವೆ. ಶಾದಿ ಮಹಲ್‌ಗಳು, ಶಾಲೆಗಳು, ಅಂಗಡಿ ಮಳಿಗೆಗಳು. ಅವುಗಳ ಉದ್ಘಾಟನೆಯ ದಿನ ಎಷ್ಟು ಲಕ್ಷದಲ್ಲಿ ಕಟ್ಟಿದೆವು ಎಂದು ವೇದಿಕೆಯಲ್ಲಿ ಸಾರುವ ಮೊದಲು ಲಿಖಿತ ಕರಾರು ಇತ್ತೇ, ಸೆಸ್ ಕಟ್ಟಿದೆವೇ, ಸಾರುವೆ ಗಟ್ಟಿಯಾಗಿತ್ತೇ, ಕೊನೆಯ ಕೂಲಿಯ ಕೊನೆಯ ರೂಪಾಯಿ ಸಂದಾಯವಾಯಿತೇ ಎಂದು ಕಮಿಟಿಗಳು ಕೇಳಿಕೊಳ್ಳಲಿ. ಭಾರೀ ಕಂಪೆನಿಗಳಿಂದ ನಾವು ಯಾವ ಲೆಕ್ಕವನ್ನು ಕೇಳುತ್ತೇವೆಯೋ ಆ ಲೆಕ್ಕವನ್ನು ಮೊದಲು ನಮ್ಮ ಊರಿನ ಕಟ್ಟಡದ ಮುಂದೆ ಬರೆದು ತೂಗುಹಾಕಿದರೆ, ಕೇಳುವ ನೈತಿಕ ಹಕ್ಕು ನಮ್ಮದಾಗುತ್ತದೆ.